ಗುಳ್ಳೆ ನಿಂತ ಜಾಗ

ಗಾರೆ ಕೆಲಸದವರ ಚೀಲದಲ್ಲಿ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ರಸಮಟ್ಟ. ಕರಣೆ, ಮೂಲೆಮಟ್ಟ, ತೂಕದ ಗುಂಡು, ನೂಲಿನ ಉಂಡೆ ಇವುಗಳ ನಡುವೆ ಸಿಮೆಂಟು ಮೆತ್ತಿಕೊಂಡು ಬಿದ್ದಿರುವ ಆ ಪಟ್ಟಿಯನ್ನು, ಯಾರ ಮನೆ ಕಟ್ಟುವ ಕೆಲಸವೇ ನಡೆಯುತ್ತಿರಲಿ, ಒಮ್ಮೆ ಕೈಗೆತ್ತಿಕೊಳ್ಳದೆ ನಾನು ಮುಂದೆ ಹೋಗಲಾರೆ. ಅಂಗೈ ಮೇಲಿಟ್ಟುಕೊಂಡರೆ ಗುಳ್ಳೆ ಅತ್ತಿಂದಿತ್ತ ಓಡಾಡುತ್ತದೆ. ಗೋಡೆಯ ಮೇಲಿಟ್ಟರೆ ಒಂದು ಗಳಿಗೆ ತಡವರಿಸಿ, ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ಲುತ್ತದೆ. ಅದಕ್ಕೆ ಬ್ಯಾಟರಿ ಬೇಡ, ಮುಳ್ಳು ಬೇಡ, ಹಲ್ಲಿನ ಚಕ್ರ ಬೇಡ. ಒಂದು ಕೊಳವೆ, ಅದರೊಳಗೆ ದ್ರವ, ದ್ರವ ತುಂಬದೆ ಉಳಿದ ಚೂರು ಜಾಗ. ಕೆಲಸ ಮಾಡುವುದು ಆ ತುಂಬದೆ ಉಳಿದ ಜಾಗವೇ.

ಕೊಳವೆ ನೋಡಲು ನೇರ. ಆದರೆ ಅದರ ಒಳಮೈ ನಡುವೆ ಬಹಳ ಸೂಕ್ಷ್ಮವಾಗಿ ಉಬ್ಬಿರುತ್ತದೆ. ಗುಟ್ಟೆಲ್ಲ ಆ ಉಬ್ಬಿನಲ್ಲಿದೆ. ಒಳಗೆ ಪೂರ್ತಿ ನೇರವಾಗಿದ್ದಿದ್ದರೆ ಕೊಳವೆ ತುಸು ವಾಲಿದರೂ ಗುಳ್ಳೆ ತುದಿಗೆ ಓಡಿಬಿಡುತ್ತಿತ್ತು. ಸಮವಾಗಿಟ್ಟರೆ ಎಲ್ಲಿ ಬೇಕಾದರೂ ನಿಲ್ಲುತ್ತಿತ್ತು. ಉಬ್ಬು ಇರುವುದರಿಂದ ಪ್ರತಿಯೊಂದು ವಾಲಿಕೆಗೂ ಒಂದು ಅತಿ ಎತ್ತರದ ಬಿಂದು ಇರುತ್ತದೆ, ಗುಳ್ಳೆ ಅದನ್ನು ಹುಡುಕಿಕೊಂಡು ಹೋಗಿ ಕೂರುತ್ತದೆ. ದ್ರವ ಬರೀ ನೀರಲ್ಲ, ಹೆಚ್ಚಾಗಿ ಆಲ್ಕೋಹಾಲ್ ಬಗೆಯದು. ನೀರು ಗಾಜಿಗೆ ಅಂಟಿಕೊಳ್ಳುತ್ತದೆ, ಚಳಿ ದೇಶಗಳಲ್ಲಿ ಹೆಪ್ಪುಗಟ್ಟಿ ಕೊಳವೆ ಒಡೆಯುತ್ತದೆ. ಆಲ್ಕೋಹಾಲಿನಲ್ಲಿ ಗುಳ್ಳೆ ಸರಾಗವಾಗಿ ಓಡಾಡುತ್ತದೆ. ಮೆಲ್ಕಿಸೆದೆಕ್ ತೆವೆನೊ ಎಂಬ ಫ್ರೆಂಚ್ ವಿದ್ವಾಂಸ 1661ರ ಸುಮಾರಿಗೆ ಇದನ್ನು ರೂಪಿಸಿದ. ಅದಕ್ಕೂ ಮುಂಚಿನ ಸಾವಿರಾರು ವರ್ಷ ಜಗತ್ತು ಮಟ್ಟ ನೋಡಿದ್ದು ತೂಗುಬಿಟ್ಟ ಕಲ್ಲಿನಿಂದ ಮತ್ತು ನಿಂತ ನೀರಿನಿಂದ.

ಉಬ್ಬು ಎಷ್ಟು ಕಡಿಮೆಯೋ ರಸಮಟ್ಟ ಅಷ್ಟು ಚುರುಕು. ಕಾರ್ಖಾನೆಗಳಲ್ಲಿ ಲೇತ್ ಯಂತ್ರ ಕೂರಿಸುವವರ ಬಳಿ ಎರಕದ ಕಬ್ಬಿಣದ ಒಂದು ಮಟ್ಟ ಇರುತ್ತದೆ. ಒಂದು ಮೀಟರ್ ಉದ್ದಕ್ಕೆ 0.02 ಮಿಲಿಮೀಟರಿನಷ್ಟು ಏರಿದರೂ ಅದರ ಗುಳ್ಳೆ ಒಂದು ಗೆರೆ ಸರಿಯುತ್ತದೆ. ಕೂದಲೆಳೆ ಅದಕ್ಕಿಂತ ದಪ್ಪ. ಗೆರೆಗೂ ಗೆರೆಗೂ ನಡುವೆ ಎರಡು ಮಿಲಿಮೀಟರ್ ಅಂತರವಿದ್ದರೆ ಲೆಕ್ಕ ಹೀಗಾಗುತ್ತದೆ: ಆ ಪುಟ್ಟ ಗಾಜಿನ ಒಳಮೈ 100 ಮೀಟರ್ ತ್ರಿಜ್ಯದ ವೃತ್ತದ ಒಂದು ತುಣುಕು. ಕ್ರಿಕೆಟ್ ಮೈದಾನಕ್ಕಿಂತ ದೊಡ್ಡ ವೃತ್ತವೊಂದನ್ನು ಬರೆದು, ಅದರಿಂದ ಬೆರಳುದ್ದದ ಚೂರನ್ನು ಕತ್ತರಿಸಿ ಜೇಬಿಗೆ ಹಾಕಿಕೊಂಡ ಹಾಗೆ. ಗಾಜನ್ನು ಅಷ್ಟು ಹದವಾಗಿ ಒಳಗಿನಿಂದ ಉಜ್ಜಿ ತೀಡಿದ ಕೈಗಳನ್ನು ನೆನೆದರೆ ನನಗೆ ಗೌರವ ಉಕ್ಕುತ್ತದೆ.

ನಮ್ಮ ಮನೆಯ ಮಹಡಿ ಕಟ್ಟಿದ ಮೇಸ್ತ್ರಿ ಕುಣಿಗಲ್ ಕಡೆಯವರು. ಹೊಸ ರಸಮಟ್ಟ ಕೊಳ್ಳುವಾಗ ನನ್ನನ್ನೂ ಹಾರ್ಡ್‌ವೇರ್ ಅಂಗಡಿಗೆ ಕರೆದುಕೊಂಡು ಹೋಗಿದ್ದರು. ಅಂಗಡಿಯವರು ನಾಲ್ಕಾರು ಮಟ್ಟಗಳನ್ನು ಮುಂದಿಟ್ಟರು. ಮೇಸ್ತ್ರಿ ಬೆಲೆ ಕೇಳಲಿಲ್ಲ, ಕಂಪನಿ ಯಾವುದೆಂದೂ ನೋಡಲಿಲ್ಲ. ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಗಲ್ಲಾಪೆಟ್ಟಿಗೆಯ ಪಕ್ಕದ ಗ್ರಾನೈಟ್ ಚಪ್ಪಡಿ ಮೇಲೆ ಒಂದು ಗೆರೆ ಎಳೆದರು. ಒಂದು ಮಟ್ಟವನ್ನು ಗೆರೆಗೆ ತಾಗಿಸಿ ಇಟ್ಟರು. ಗುಳ್ಳೆ ತುಸು ಬೀದಿಯ ಕಡೆಗೆ ನಿಂತಿತು. ಆಮೇಲೆ ಅದನ್ನು ಬುಡಮೇಲು ಮಾಡದೆ ಎಡತುದಿ ಬಲಕ್ಕೆ, ಬಲತುದಿ ಎಡಕ್ಕೆ ಬರುವಂತೆ ತಿರುಗಿಸಿ ಅದೇ ಗೆರೆಗೆ ತಾಗಿಸಿ ಇಟ್ಟರು. ಗುಳ್ಳೆ ಈ ಸಲ ಒಳಗೋಡೆಯ ಕಡೆಗೆ ಸರಿಯಿತು. “ಇದು ಬೇಡ” ಎಂದು ಪಕ್ಕಕ್ಕಿಟ್ಟರು. ಇನ್ನೊಂದನ್ನು ಇಟ್ಟರು, ಗುಳ್ಳೆ ಬೀದಿಯ ಕಡೆ. ತಿರುಗಿಸಿದರು, ಆಗಲೂ ಬೀದಿಯ ಕಡೆ, ಅಷ್ಟೇ ದೂರ. “ಇದು ಕೊಡಿ” ಎಂದರು.

“ಗುಳ್ಳೆ ನಡುವೆ ನಿಲ್ಲಲೇ ಇಲ್ಲವಲ್ಲ ಮೇಸ್ತ್ರಿ?” ಎಂದು ಕೇಳಿದೆ.

“ಅದು ಚಪ್ಪಡಿ ತಪ್ಪು ಸಾರ್, ಮಟ್ಟದ್ದಲ್ಲ. ಚಪ್ಪಡಿ ಬೀದಿ ಕಡೆ ಚೂರು ಎತ್ತರ ಇದೆ. ತಿರುಗಿಸಿದ್ರೂ ಅದೇ ಮಾತು ಹೇಳ್ತು ನೋಡಿ, ಅದು ನಿಜ ಹೇಳೋ ಮಟ್ಟ. ಮೊದಲನೇದು ತಿರುಗಿಸಿದ ಕೂಡ್ಲೆ ಮಾತು ಬದಲಾಯಿಸ್ತು.”

ನಾನು ಆವತ್ತಿನಿಂದ ಅದನ್ನೇ ಯೋಚಿಸುತ್ತಿದ್ದೇನೆ. ಉದ್ದ ಅಳೆಯುವ ಟೇಪು ಸರಿಯಿದೆಯೇ ಎಂದು ನೋಡಬೇಕಾದರೆ ಅದಕ್ಕಿಂತ ಸರಿಯಾದ ಇನ್ನೊಂದು ಟೇಪು ಬೇಕು. ಅದನ್ನು ಒರೆಹಚ್ಚಲು ಮತ್ತೊಂದು. ಹೀಗೆ ಹೋಗುತ್ತ ಹೋಗುತ್ತ ಒಂದು ಕಾಲಕ್ಕೆ ಪ್ಯಾರಿಸ್ ಹತ್ತಿರದ ಕಪಾಟಿನೊಳಗಿದ್ದ ಪ್ಲಾಟಿನಂ-ಇರಿಡಿಯಂ ಸರಳಿಗೆ ಹೋಗಿ ಮುಟ್ಟಬೇಕಿತ್ತು. ತೂಕದ ಕಲ್ಲಿನ ಪಾಡೂ ಅದೇ ಆಗಿತ್ತು. ಮಟ್ಟಕ್ಕೆ ಆ ಹಂಗಿಲ್ಲ. ಅದು ಕೇಳುವುದು ಕಾಲ ಕೆಳಗಿನ ಭೂಮಿಯನ್ನೇ. ಉಪಕರಣ ಕೆಟ್ಟಿದ್ದರೆ ಅದೂ ಅಲ್ಲೇ ಬಯಲಾಗುತ್ತದೆ: ತಿರುಗಿಸಿ ಇಟ್ಟರೆ ತಪ್ಪು ಇಮ್ಮಡಿಯಾಗಿ ಕಾಣುತ್ತದೆ, ಎರಡು ನಿಲುವುಗಳ ನಟ್ಟನಡುವಿನದೇ ನಿಜ. ಅಳತೆಯಲ್ಲಿ ಇಷ್ಟು ಸ್ವತಂತ್ರವಾದದ್ದು, ಒಬ್ಬ ಕೂಲಿಕಾರ ಯಾರ ಮುದ್ರೆಯೂ ಇಲ್ಲದೆ ತಾನೇ ಪರೀಕ್ಷಿಸಿಕೊಳ್ಳಬಹುದಾದದ್ದು ಬೇರೊಂದು ನನಗೆ ತಿಳಿಯದು.

ತೂಕದ ಗುಂಡಿನಲ್ಲೂ ಇಂಥದೇ ಜಾಣತನವಿದೆ. ನೂಲಿನ ಒಂದು ತುದಿಗೆ ಹಿತ್ತಾಳೆಯ ಗುಂಡು, ಮೇಲೆ ನೂಲಿಗೆ ಪೋಣಿಸಿದ ಒಂದು ಮರದ ತುಂಡು. ತುಂಡಿನ ಅಗಲ ಗುಂಡಿನ ಅಡ್ಡಳತೆಯಷ್ಟೇ ಇರುತ್ತದೆ. ತುಂಡನ್ನು ಗೋಡೆಯ ನೆತ್ತಿಗೆ ಒತ್ತಿ ಹಿಡಿದು ಗುಂಡನ್ನು ಕೆಳಗಿಳಿಸಿದರೆ, ಗೋಡೆ ನೆಟ್ಟಗಿದ್ದಲ್ಲಿ ಗುಂಡು ಗೋಡೆಯನ್ನು ಸೋಕಿಯೂ ಸೋಕದಂತೆ ನಿಲ್ಲುತ್ತದೆ. ಗೋಡೆಗೂ ಗುಂಡಿಗೂ ನಡುವೆ ಸಂದು ಬಿಟ್ಟರೆ ಗೋಡೆ ಮೇಲ್ಗಡೆ ಹೊರಕ್ಕೆ ವಾಲಿದೆ. ಗುಂಡು ಗೋಡೆಗೆ ಒರಗಿಕೊಂಡರೆ ಒಳಕ್ಕೆ ವಾಲಿದೆ. ಓದು ಬಾರದವರೂ ಇದನ್ನು ಓದುತ್ತಾರೆ.

ಈಜಿಪ್ಟಿನ ದೇರ್ ಎಲ್-ಮದೀನಾದಲ್ಲಿ 1886ರಲ್ಲಿ ಸೆನ್ನೆಜೆಮ್ ಎಂಬ ಕುಶಲಕರ್ಮಿಯ ಸಮಾಧಿ ತೆರೆದಾಗ ಅವನ ಉಪಕರಣಗಳೂ ಸಿಕ್ಕವು. ಮೂರು ಸಾವಿರ ವರ್ಷಕ್ಕೂ ಹಿಂದಿನವು. ಅವುಗಳಲ್ಲಿ ಮರದ ಒಂದು ಮಟ್ಟವಿದೆ. ಎರಡು ಕಾಲು, ನಡುವೆ ಅಡ್ಡಪಟ್ಟಿ, ನೆತ್ತಿಯಿಂದ ಇಳಿಬಿಟ್ಟ ತೂಕದ ನೂಲು. ನೂಲು ಅಡ್ಡಪಟ್ಟಿಯ ನಡುಗೆರೆಯ ಮೇಲೆ ಬಂದರೆ ಎರಡೂ ಕಾಲುಗಳು ಒಂದೇ ಮಟ್ಟದಲ್ಲಿವೆ ಎಂದರ್ಥ. ಜಲಾನಯನ ಕೆಲಸ ಮಾಡುವ ಸಂಘದವರು ಇವತ್ತಿಗೂ ಇಳಿಜಾರಿನ ಹೊಲಗಳಲ್ಲಿ ಇದೇ ಉಪಕರಣ ಹಿಡಿದು ನಡೆಯುತ್ತಾರೆ. ಮೂರು ಬಿದಿರುಗಳ, ಸುತಳಿ ಹಗ್ಗದ, ಒಂದು ಕಲ್ಲಿನ ಖರ್ಚು ಅಷ್ಟೇ. ಅದರ ನಡುಗೆರೆ ಗುರುತಿಸುವ ಬಗೆಯೂ ಮೇಸ್ತ್ರಿಯ ಬಗೆಯೇ: ಮೊದಲು ಎರಡು ಗೂಟಗಳ ಮೇಲೆ ಕಾಲಿಟ್ಟು ನೂಲು ಎಲ್ಲಿ ದಾಟುತ್ತದೆಂದು ಗೀಟು ಹಾಕುವುದು, ಕಾಲುಗಳನ್ನು ಅದಲುಬದಲು ಮಾಡಿ ಇನ್ನೊಂದು ಗೀಟು ಹಾಕುವುದು, ಎರಡರ ನಡುವೆ ಮೂರನೆಯದು. ಆಮೇಲೆ ಒಂದು ಕಾಲನ್ನು ಊರಿ ಇನ್ನೊಂದನ್ನು ತಿರುಗಿಸುತ್ತ, ನೂಲು ನಡುಗೆರೆಗೆ ಬಂದಲ್ಲೆಲ್ಲ ಗೂಟ ಹೊಡೆಯುತ್ತ ಹೋದರೆ ಹೊಲದ ಅಡ್ಡಕ್ಕೆ ಒಂದು ಸಮಪಾತಳಿ ಗೆರೆ ಮೂಡುತ್ತದೆ. ಆ ಗೆರೆಯುದ್ದಕ್ಕೂ ಬದು ಹಾಕಿದರೆ ಮಳೆನೀರು ಓಡದೆ ನಿಂತು ಇಂಗುತ್ತದೆ. ಗೆರೆ ಕಣ್ಣಂದಾಜಿನದ್ದಾದರೆ ನೀರೆಲ್ಲ ತಗ್ಗಿದ ಕಡೆ ಸೇರಿ ಅಲ್ಲೇ ಬದು ಒಡೆಯುತ್ತದೆ, ಬದು ಇಲ್ಲದಿದ್ದಾಗ ಆಗುತ್ತಿದ್ದುದಕ್ಕಿಂತ ಹೆಚ್ಚು ಮಣ್ಣು ಕೊಚ್ಚಿಹೋಗುತ್ತದೆ.

ನಿಲ್ಲಿಸಲು ಮಟ್ಟ ಬೇಕು, ಹರಿಸಲು ವಾಟ ಬೇಕು. ಎರಡನೆಯದು ಇನ್ನೂ ನಾಜೂಕಿನ ಕೆಲಸ. ಫ್ರಾನ್ಸಿನ ನೀಮ್ ಪಟ್ಟಣಕ್ಕೆ ರೋಮನ್ನರು ಕಟ್ಟಿದ ನೀರಿನ ಕಾಲುವೆ ಸುಮಾರು 50 ಕಿಲೋಮೀಟರ್ ಹರಿದು ಇಳಿಯುವುದು 12.6 ಮೀಟರ್ ಮಾತ್ರ. ಕಿಲೋಮೀಟರಿಗೆ ಒಂದು ಗೇಣಿಗಿಂತ ಚೂರು ಹೆಚ್ಚು. ನಮ್ಮ ದಕ್ಷಿಣ ಕನ್ನಡ, ಕಾಸರಗೋಡು ಕಡೆಯ ಸುರಂಗಗಳು ಗಾತ್ರದಲ್ಲಿ ಅದರ ಮುಂದೆ ಏನೂ ಅಲ್ಲ, ಆದರೆ ನನ್ನ ಮನಸ್ಸಿಗೆ ಅವೇ ಹತ್ತಿರ. ಮುರಕಲ್ಲಿನ ಗುಡ್ಡದೊಳಕ್ಕೆ ಒಬ್ಬ ಮನುಷ್ಯ ಬಗ್ಗಿ ಹೋಗುವಷ್ಟು ಅಗಲದ ದಾರಿ ಕೊರೆಯುತ್ತಾರೆ. ಒಳಹೋದಂತೆ ನೆಲ ಅತಿ ಸ್ವಲ್ಪ ಏರುತ್ತಿರಬೇಕು. ಆಗ ಒಳಗೆ ಸಿಕ್ಕ ಒರತೆಯ ನೀರು ಪಂಪಿಲ್ಲದೆ, ಕರೆಂಟಿಲ್ಲದೆ ತಾನಾಗಿ ಬಾಯಿಗೆ ಬರುತ್ತದೆ. ಏರು ಹೆಚ್ಚಾದರೆ ಬೇಗ ಗುಡ್ಡದ ಒಣಪದರಕ್ಕೆ ಹೋಗಿಬಿಡುತ್ತೇವೆ, ಕಡಿಮೆಯಾದರೆ ನೀರು ಒಳಗೇ ಮಡುಗಟ್ಟುತ್ತದೆ. ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರು ಬೋಳುಗುಡ್ಡದಲ್ಲಿ ಒಬ್ಬರೇ ಹಾರೆ ಹಿಡಿದು, ಹಲವು ಸಲ ನೀರು ಸಿಗದೇ ಹೋದರೂ ಬಿಡದೆ ಸುರಂಗ ಕೊರೆದು ತೋಟ ಎಬ್ಬಿಸಿದವರು. 2022ರಲ್ಲಿ ಅವರಿಗೆ ಪದ್ಮಶ್ರೀ ಘೋಷಣೆಯಾದಾಗ ನನಗೆ ನನ್ನ ಮನೆಯವರಿಗೇ ಬಂದಷ್ಟು ಸಂತೋಷವಾಯಿತು. ದೀಪದ ಬೆಳಕಿನಲ್ಲಿ, ಮುಂದೆ ಕಲ್ಲು ಬಿಟ್ಟರೆ ಬೇರೇನೂ ಕಾಣದ ಜಾಗದಲ್ಲಿ ವಾಟ ಹಿಡಿದುಕೊಂಡು ಹೋಗುವುದು ಎಂಥ ಏಕಾಗ್ರತೆಯ ಕೆಲಸ!

ಕಣ್ಣಂದಾಜನ್ನು ನಂಬಬಾರದೆಂದು ಹೇಳಿದೆನಲ್ಲ, ಅದಕ್ಕೆ ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ ಇಳಿಯುವ ರೈಲಿಗಿಂತ ಒಳ್ಳೆಯ ಪಾಠವಿಲ್ಲ. ಸುಮಾರು 55 ಕಿಲೋಮೀಟರ್ ದಾರಿ, 57 ಸುರಂಗ. ಕಿಟಕಿಯಲ್ಲಿ ಕೂತವರಿಗೆ ಕಾಡು, ಹಳ್ಳ, ಜಲಪಾತ ಕಾಣುತ್ತದೆಯೇ ಹೊರತು ಇಳಿಜಾರು ಕಾಣುವುದಿಲ್ಲ. ಅಲ್ಲಿನ ಇಳಿಜಾರು 50ಕ್ಕೆ 1. ಅಂದರೆ ಒಂದು ಡಿಗ್ರಿಗಿಂತ ಚೂರು ಹೆಚ್ಚು. ನಾವು ಅದನ್ನು ಇಳಿಜಾರೆಂದು ಕರೆಯುವುದೂ ಇಲ್ಲ. ಆದರೆ 1000 ಟನ್ನಿನ ಗಾಡಿಯನ್ನು ಆ ದಾರಿಯಲ್ಲಿ ಮೇಲಕ್ಕೆ ಎಳೆಯುವಾಗ ಭೂಮಿ 20 ಟನ್ನಿನಷ್ಟು ಬಲದಿಂದ ಹಿಂದಕ್ಕೆ ಜಗ್ಗುತ್ತಿರುತ್ತದೆ. ಅದಕ್ಕೇ ಹಿಂದಿನಿಂದ ತಳ್ಳಲು ಬೇರೆ ಎಂಜಿನ್‌ಗಳನ್ನು ಹಚ್ಚುತ್ತಾರೆ. ಕ್ಯಾಸಲ್‌ರಾಕಿನಿಂದ ಗೋವೆಯ ಕಡೆ ಇಳಿಯುವ ದಾರಿ ಇನ್ನೂ ಕಡಿದು, 37ಕ್ಕೆ 1. ಹಳಿಯ ಪಕ್ಕದಲ್ಲಿ ಎರಡು ತೋಳು ಚಾಚಿದ ಗಿಡ್ಡ ಕಂಬಗಳಿರುತ್ತವೆ. ಮುಂದೆ ದಾರಿ ಏರುತ್ತದೋ ಇಳಿಯುತ್ತದೋ, ಎಷ್ಟಕ್ಕೆ ಒಂದರಂತೆ ಎಂಬುದನ್ನು ಆ ತೋಳುಗಳು ಹೇಳುತ್ತವೆ. ಕಾಡಿನ ಹಸುರಿನಲ್ಲಿ ಅಂಥ ಕಂಬವೊಂದು ಕಂಡು ಮರೆಯಾದರೆ ನಾನು ಸಂಖ್ಯೆ ಓದಲು ಕತ್ತು ಹೊರಳಿಸುತ್ತೇನೆ.

ಈಗ ಇದೇ ತೂಗುಗುಂಡಿನ ಅತಿ ದೊಡ್ಡ ಕಥೆಗೆ ಬರುತ್ತೇನೆ. ಶ್ರೀರಂಗಪಟ್ಟಣದ 1799ರ ಯುದ್ಧದಲ್ಲಿದ್ದ ವಿಲಿಯಂ ಲ್ಯಾಂಬ್ಟನ್ ಎಂಬ ಇಂಗ್ಲಿಷ್ ಸೇನಾಧಿಕಾರಿ ಮರುವರ್ಷವೇ ಬೆಂಗಳೂರಿನ ಹತ್ತಿರ ಒಂದು ಆಧಾರರೇಖೆ ಅಳೆದ. 1802ರಲ್ಲಿ ಮದರಾಸಿನಿಂದ ಅವನ ಮಹಾ ತ್ರಿಕೋನಮಿತಿ ಸರ್ವೆ ಶುರುವಾಯಿತು. ಮುಂದೆ ಜಾರ್ಜ್ ಎವರೆಸ್ಟ್ ಅದನ್ನು ಹಿಮಾಲಯದ ಬುಡದವರೆಗೆ ಒಯ್ದ. ನೂರಡಿ ಉದ್ದದ ಉಕ್ಕಿನ ಸರಪಣಿಯನ್ನು ಹಾಸುವಾಗ ನೆಲ ಎಷ್ಟು ವಾಲಿದೆ ಎಂದು ಪ್ರತಿ ಸಲವೂ ಅಳೆದು, ಅದಕ್ಕೆ ತಕ್ಕಂತೆ ಉದ್ದವನ್ನು ತಿದ್ದಬೇಕಿತ್ತು. ಕೋನ ಅಳೆಯುವ ಥಿಯೊಡೊಲೈಟನ್ನು ಮೊದಲು ಗುಳ್ಳೆ ನೋಡಿ ಮಟ್ಟಕ್ಕೆ ತರಬೇಕಿತ್ತು. ರಾತ್ರಿ ನಕ್ಷತ್ರದ ಎತ್ತರ ನೋಡಿ ಅಕ್ಷಾಂಶ ಹಿಡಿಯುವುದಕ್ಕೂ ಅದೇ ಗುಳ್ಳೆ, ಅದೇ ತೂಗುನೂಲೇ ಆಧಾರ.

ಉತ್ತರದ ಬಯಲಿನಲ್ಲಿ ಕಲಿಯಾನಾ, ಅದರ ದಕ್ಷಿಣಕ್ಕೆ 600 ಕಿಲೋಮೀಟರ್ ಆಚೆ ಕಲಿಯಾನ್‌ಪುರ. ಈ ಎರಡು ಊರುಗಳ ಅಕ್ಷಾಂಶದ ಅಂತರವನ್ನು ನೆಲದ ತ್ರಿಕೋನಗಳಿಂದ ಲೆಕ್ಕ ಹಾಕಿದರೆ ಒಂದು ಉತ್ತರ, ನಕ್ಷತ್ರಗಳಿಂದ ನೋಡಿದರೆ ಇನ್ನೊಂದು. ವ್ಯತ್ಯಾಸ 5.236 ಸೆಕೆಂಡ್. ಒಂದು ಡಿಗ್ರಿಯಲ್ಲಿ 3600 ಸೆಕೆಂಡುಗಳಿರುತ್ತವೆ ಎಂದರೆ ಇದು ಎಷ್ಟು ಸಣ್ಣದೆಂದು ಗೊತ್ತಾದೀತು. ಒಂದು ಮೀಟರ್ ಉದ್ದದ ತೂಗುನೂಲಿನ ತುದಿ 0.025 ಮಿಲಿಮೀಟರ್ ಸರಿದಷ್ಟು. ಲೇತ್ ಕೂರಿಸುವವರ ಆ ಮಟ್ಟದಲ್ಲಿ ಒಂದು ಗೆರೆಗಿಂತ ತುಸು ಹೆಚ್ಚು. ನೆಲದ ಮೇಲೆ ಮಾತ್ರ ಅದು ಸುಮಾರು 160 ಮೀಟರ್. ಅಷ್ಟು ಎಚ್ಚರದಿಂದ ಮಾಡಿದ ಸರ್ವೆಯಲ್ಲಿ ಅಷ್ಟು ತಪ್ಪಲು ಸಾಧ್ಯವಿರಲಿಲ್ಲ.

ಕಲ್ಕತ್ತೆಯ ಪಾದ್ರಿ, ಗಣಿತಜ್ಞ ಜಾನ್ ಹೆನ್ರಿ ಪ್ರ್ಯಾಟ್ ಲೆಕ್ಕಕ್ಕೆ ಕೂತ. ಹಿಮಾಲಯದ ಅಗಾಧ ರಾಶಿ ಪಕ್ಕದಲ್ಲಿರುವಾಗ ತೂಗುನೂಲು ನೇರ ಕೆಳಕ್ಕೆ ಇಳಿಯುವುದಿಲ್ಲ, ಪರ್ವತದ ಕಡೆ ತುಸು ಸೆಳೆಯಲ್ಪಡುತ್ತದೆ. ಪರ್ವತಕ್ಕೆ ಹತ್ತಿರದ ಕಲಿಯಾನಾದಲ್ಲಿ ಹೆಚ್ಚು, ದೂರದ ಕಲಿಯಾನ್‌ಪುರದಲ್ಲಿ ಕಡಿಮೆ. ಹಾಗೆಂದು ಲೆಕ್ಕ ಹಾಕಿದಾಗ ಇನ್ನೊಂದು ವಿಸ್ಮಯ ಎದುರಾಯಿತು. ಪರ್ವತದ ರಾಶಿಗೆ ಅನುಗುಣವಾಗಿ ವ್ಯತ್ಯಾಸ 15.885 ಸೆಕೆಂಡ್ ಇರಬೇಕಿತ್ತು. ಹಿಮಾಲಯ ಎಳೆಯಬೇಕಾದಷ್ಟು ಎಳೆಯುತ್ತಿರಲಿಲ್ಲ! 1855ರಲ್ಲಿ ಇಂಗ್ಲೆಂಡಿನ ಖಗೋಳವಿಜ್ಞಾನಿ ಜಾರ್ಜ್ ಏರಿ ಇದಕ್ಕೊಂದು ವಿವರಣೆ ಕೊಟ್ಟ. ನೀರಿನಲ್ಲಿ ತೇಲುವ ದಿಮ್ಮಿಗಳಲ್ಲಿ ಯಾವುದು ಹೆಚ್ಚು ಮೇಲೆದ್ದಿದೆಯೋ ಅದೇ ಹೆಚ್ಚು ಆಳಕ್ಕೂ ಮುಳುಗಿರುತ್ತದೆ. ಹಾಗೆಯೇ ಪರ್ವತದ ಕೆಳಗೆ ಹಗುರ ಶಿಲೆಯ ಬೇರು ಆಳಕ್ಕೆ ಇಳಿದಿದೆ, ಅದರಿಂದ ಸೆಳೆತ ತಗ್ಗಿದೆ ಎಂದ. ಪ್ರ್ಯಾಟ್ ಬೇರೊಂದು ವಿವರಣೆ ಕೊಟ್ಟ. ಭೂಮಿಯ ಹೊರಪದರ ಕೆಳಗಿನದರ ಮೇಲೆ ತೇಲುತ್ತಿದೆ ಎಂಬ ತಿಳಿವಳಿಕೆಗೆ ಹೀಗೆ ನೂಲು ಕಟ್ಟಿದ ಗುಂಡೊಂದು ದಾರಿ ಮಾಡಿತು. ಯಾರೂ ಇಳಿದು ನೋಡಲಾಗದ ಆಳದ ಸುದ್ದಿಯನ್ನು ಅದು ಒಂದು ಕೂದಲೆಳೆಯಷ್ಟೂ ಅಲ್ಲದ ವಾಲಿಕೆಯಲ್ಲಿ ಹೇಳಿತು. ಈ ಸಂಗತಿಯನ್ನು ನಮ್ಮ ಶಾಲೆಗಳಲ್ಲಿ ಎವರೆಸ್ಟ್ ಶಿಖರದ ಎತ್ತರಕ್ಕಿಂತ ಮೊದಲು ಕಲಿಸಬೇಕೆಂದು ನನ್ನ ಆಸೆ.

ನಮ್ಮ ತಲೆಯೊಳಗೂ ಒಂದು ಮಟ್ಟವಿದೆ. ಒಳಕಿವಿಯಲ್ಲಿ ಸುಣ್ಣದ ಹರಳುಗಳು ನವಿರು ಕೂದಲುಗಳಂಥ ಕೋಶಗಳ ಮೇಲೆ ಕೂತಿರುತ್ತವೆ; ತಲೆ ವಾಲಿದರೆ ಹರಳು ಜಾರಿ ಕೂದಲು ಬಾಗುತ್ತದೆ, ಮಿದುಳಿಗೆ ಸುದ್ದಿ ಹೋಗುತ್ತದೆ. ನಿಂತಾಗ ಅದು ನಂಬಿಗಸ್ತ. ಆದರೆ ವೇಗ ಬದಲಾಗುವಾಗ, ಸುತ್ತು ಹೊಡೆಯುವಾಗ ಅದೂ ಮೋಸಹೋಗುತ್ತದೆ, ರಸಮಟ್ಟದ ಗುಳ್ಳೆಯೂ ಮೋಸಹೋಗುತ್ತದೆ. ಮೋಡದೊಳಗೆ ಹೊಕ್ಕ ವಿಮಾನಚಾಲಕರು ವಿಮಾನ ಸಮವಾಗಿದೆ ಎಂದು ಮೈ ಹೇಳಿದ್ದನ್ನು ನಂಬಿ ಪ್ರಾಣ ಕಳೆದುಕೊಂಡಿದ್ದಾರೆ. ಅದಕ್ಕೇ ಗೈರೋಸ್ಕೋಪಿನ ಕೃತಕ ದಿಗಂತ ಬಂತು. 1929ರಲ್ಲಿ ಜೇಮ್ಸ್ ಡೂಲಿಟಲ್ ಮುಚ್ಚಿದ ಕಾಕ್‌ಪಿಟ್ಟಿನಲ್ಲಿ ಹೊರಗೇನೂ ಕಾಣದೆ, ಉಪಕರಣಗಳನ್ನಷ್ಟೇ ನೋಡುತ್ತ ವಿಮಾನ ಏರಿಸಿ ಇಳಿಸಿ ತೋರಿಸಿದ.

ಗುಡ್ಡಗಳ ವಾಲಿಕೆಯನ್ನು ಅಳೆಯುವ ವಿದ್ಯೆಯ ಬಗ್ಗೆ ಹೇಳುವಾಗ ನನ್ನ ದನಿ ತುಸು ಏರುತ್ತದೆ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡಗಳು ಕುಸಿದವು. 2024ರ ಜುಲೈ 16ರಂದು ಅಂಕೋಲೆಯ ಹತ್ತಿರ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಬಂತು. ಪ್ರತಿಯೊಂದು ಮಣ್ಣಿಗೂ ತಾನು ನಿಲ್ಲಬಲ್ಲ ಕೋನವೊಂದಿರುತ್ತದೆ. ರಸ್ತೆ ಅಗಲಿಸಲು ಬುಡ ಕಡಿದಾಗ ನಾವು ಆ ಕೋನವನ್ನು ಮೀರುತ್ತೇವೆ. ಮಳೆನೀರು ಒಳಗಿಳಿದಾಗ ಮಣ್ಣಿನ ಹಿಡಿತ ಇನ್ನಷ್ಟು ಸಡಿಲವಾಗುತ್ತದೆ. ಎಷ್ಟೋ ಕುಸಿತಗಳು ಒಮ್ಮೆಗೇ ಆಗುವುದಿಲ್ಲ, ಮೊದಲು ಗುಡ್ಡ ತೆವಳುತ್ತದೆ. ಅದನ್ನು ಹಿಡಿಯಲು ಗುಡ್ಡಕ್ಕೆ ಕೊಳವೆಬಾವಿಯಂತೆ ರಂಧ್ರ ಕೊರೆದು, ಒಳಮೈಯಲ್ಲಿ ಉದ್ದಕ್ಕೂ ತೋಡು ಕೊರೆದ ಕೊಳವೆ ಇಳಿಸುತ್ತಾರೆ. ಆ ತೋಡಿನ ಗುಂಟ ವಾಲಿಕೆಮಾಪಕವನ್ನು ಅರ್ಧರ್ಧ ಮೀಟರಿಗೊಮ್ಮೆ ನಿಲ್ಲಿಸಿ ಓದುತ್ತ ಹೋಗುತ್ತಾರೆ. ಕಳೆದ ಸಲದ ಓದಿಗೂ ಈ ಸಲದ ಓದಿಗೂ ಯಾವ ಆಳದಲ್ಲಿ ವ್ಯತ್ಯಾಸ ಬಂದಿದೆಯೋ ಅಲ್ಲಿ ಗುಡ್ಡ ಜಾರುತ್ತಿದೆ. ಈ ಉಪಕರಣವನ್ನೂ ಒಮ್ಮೆ ಇಳಿಸಿ ಓದಿದ ಮೇಲೆ ತಿರುಗಿಸಿ ಇನ್ನೊಮ್ಮೆ ಇಳಿಸುತ್ತಾರೆ, ಅದರದೇ ತಪ್ಪು ಕಳೆದುಹೋಗಲೆಂದು. ಮುನ್ನಾರಿನ ಇಳಿಜಾರಿನಲ್ಲಿ ಅಮೃತ ವಿಶ್ವವಿದ್ಯಾಲಯದವರು ಇಂಥ ಮಾಪಕಗಳನ್ನು ಹೂತು, ಅವು ತಾವಾಗಿಯೇ ಸುದ್ದಿ ಕಳಿಸುವ ಏರ್ಪಾಡು ಮಾಡಿದ್ದಾರೆ. ಘಟ್ಟದಲ್ಲಿ ಬುಡ ಕಡಿದ ಪ್ರತಿ ಗುಡ್ಡಕ್ಕೂ ಇದನ್ನು ಇಳಿಸುವುದು ರಸ್ತೆಯ ಖರ್ಚಿನಲ್ಲೇ ಸೇರಿರಬೇಕು.

ಫೋನಿನೊಳಗೂ ವಾಲಿಕೆಮಾಪಕ ಬಂದು ಕೂತಿರುವುದು ಈಗ ಎಲ್ಲರಿಗೂ ಗೊತ್ತು. ಪರದೆ ಅಡ್ಡ ಹಿಡಿದರೆ ಚಿತ್ರ ಅಡ್ಡವಾಗುವುದು ಅದರಿಂದಲೇ. ಸಿಲಿಕಾನಿನಲ್ಲಿ ಕೆತ್ತಿದ ಒಂದು ಅತಿ ಪುಟ್ಟ ತೂಕ, ಅದನ್ನು ಹಿಡಿದ ಸ್ಪ್ರಿಂಗುಗಳು, ಬಾಚಣಿಗೆಯ ಹಲ್ಲುಗಳಂತೆ ಒಂದರೊಳಗೊಂದು ಸೇರಿದ ತೆಳು ಪಟ್ಟಿಗಳು. ಫೋನು ವಾಲಿದರೆ ತೂಕ ಜಗ್ಗುತ್ತದೆ, ಪಟ್ಟಿಗಳ ನಡುವಿನ ಸಂದು ಬದಲಾಗುತ್ತದೆ, ಅದು ವಿದ್ಯುತ್ತಾಗಿ ಓದಿಗೆ ಸಿಗುತ್ತದೆ. ತೂಗುಗುಂಡಿನ ವಂಶವೇ ಅದು. ಕುಣಿಗಲ್ ಮೇಸ್ತ್ರಿಯ ಪರೀಕ್ಷೆ ಅದಕ್ಕೂ ಸಲ್ಲುತ್ತದೆ: ಒಂದು ಸಲ ಇಟ್ಟು ಓದಿ, ತಿರುಗಿಸಿ ಇಟ್ಟು ಇನ್ನೊಮ್ಮೆ ಓದಿ, ನಡುವಿನದನ್ನು ತೆಗೆದುಕೊಂಡರಾಯಿತು.

ನನಗೆ ಇದು ಬಹಳ ಉಪಯೋಗಕ್ಕೆ ಬಂದದ್ದು ಅಕ್ಕನ ಜೊತೆ ಓಡಾಡುವಾಗ. ಅಕ್ಕನಿಗೆ ಚಿಕ್ಕಂದಿನಲ್ಲಿ ಪೋಲಿಯೊ ಆಗಿತ್ತು. ಗಾಲಿಕುರ್ಚಿಯ ಚಕ್ರಗಳನ್ನು ತನ್ನ ಕೈಯಿಂದಲೇ ತಿರುಗಿಸಿಕೊಂಡು ಎಲ್ಲಿಗೆ ಬೇಕಾದರೂ ಹೋಗುತ್ತಾಳೆ, ನೆಲ ಅವಕಾಶ ಕೊಟ್ಟರೆ. ಅವಳ ಪಿಂಚಣಿಯ ಕೆಲಸಕ್ಕೆ ಒಂದು ಕಚೇರಿಗೆ ಹೋಗಿದ್ದೆವು. ಬಾಗಿಲ ಮುಂದೆ ಆರಾರು ಅಂಗುಲದ ಮೂರು ಮೆಟ್ಟಿಲು, ಪಕ್ಕದಲ್ಲಿ ರ‍್ಯಾಂಪು. ಗಾಲಿಕುರ್ಚಿಯ ನೀಲಿ ಚಿತ್ರವನ್ನೂ ಗೋಡೆಗೆ ಬರೆಸಿದ್ದರು. ಅಕ್ಕ ಬುಡದಲ್ಲಿ ನಿಂತು ಮೇಲೆ ನೋಡಿದಳು. ನಾನು ಹಿಂದಿನಿಂದ ತಳ್ಳಿದೆ. ಮುಂದಿನ ಪುಟ್ಟ ಚಕ್ರಗಳು ನೆಲ ಬಿಟ್ಟು ಎದ್ದವು. ಅಕ್ಕ ಮುಂದಕ್ಕೆ ಬಾಗಿ ಎರಡೂ ಕೈಯಿಂದ ಕಂಬಿ ಹಿಡಿದುಕೊಂಡಳು. ಮೇಲೆ ಹೋದ ಮೇಲೆ ಉಸಿರು ಬಿಟ್ಟು, “ನೀನು ಊರಲ್ಲಿ ಇಲ್ಲದ ದಿನ ನಾನು ಇಲ್ಲಿಗೆ ಬರೋದು ಹ್ಯಾಗೋ?” ಎಂದಳು.

ಕೆಲಸ ಮುಗಿಸಿ ಹೊರಬಂದಾಗ ಫೋನನ್ನು ರ‍್ಯಾಂಪಿನ ಮೇಲೆ ಉದ್ದಕ್ಕೆ ಇಟ್ಟೆ. 14 ಡಿಗ್ರಿ. ತಿರುಗಿಸಿ ಇಟ್ಟೆ, ಆಗಲೂ 14. ಟೇಪು ಹಿಡಿದು ನೋಡಿದರೆ ಒಂದೂವರೆ ಅಡಿ ಎತ್ತರಕ್ಕೆ ಆರಡಿ ಉದ್ದ, ಅಂದರೆ ನಾಲ್ಕಕ್ಕೆ ಒಂದು. ನಮ್ಮ ದೇಶದ ಸುಗಮ್ಯತೆಯ ಮಾರ್ಗಸೂಚಿಗಳು ಹೇಳುವುದು ಹನ್ನೆರಡಕ್ಕೆ ಒಂದಕ್ಕಿಂತ ಕಡಿದಾಗಿರಬಾರದು ಎಂದು, ಅದು 4.8 ಡಿಗ್ರಿ. ಅಂಗವಿಕಲರ ಹಕ್ಕುಗಳ ಕಾಯ್ದೆ ಬಂದದ್ದು 2016ರಲ್ಲಿ. ಅಕ್ಕ, ಕುರ್ಚಿ ಎರಡೂ ಸೇರಿ 75 ಕಿಲೋ ಎಂದಿಟ್ಟುಕೊಂಡರೆ 4.8 ಡಿಗ್ರಿಯಲ್ಲಿ ಅವಳ ತೋಳುಗಳು ಎದುರಿಸಬೇಕಾದದ್ದು ಸುಮಾರು 6 ಕಿಲೋ ಭಾರದ ಜಗ್ಗಾಟ. 14 ಡಿಗ್ರಿಯಲ್ಲಿ 18 ಕಿಲೋ. ಮೊದಲನೆಯದನ್ನು ಅವಳು ಮಾತಾಡುತ್ತ ಮಾತಾಡುತ್ತ ಏರಬಲ್ಲಳು. ಎರಡನೆಯದು ಒಬ್ಬಳೇ ಇರುವಾಗ ಹಿಂದಕ್ಕೆ ಉರುಳಿಸುವಂಥದ್ದು.

ಅಲ್ಲಿನ ಅಧಿಕಾರಿ ಕೆಟ್ಟವರಲ್ಲ. “ರ‍್ಯಾಂಪ್ ಹಾಕ್ಸಿದೀವಲ್ಲ ಸಾರ್” ಎಂದು ಬೇಸರದಿಂದಲೇ ಅಂದರು. ಅವರನ್ನು ಹೊರಗೆ ಕರೆದು ಫೋನು ತೋರಿಸಿದೆ. ತಾವೇ ಬಗ್ಗಿ, ತಮ್ಮ ಫೋನನ್ನೂ ಇಟ್ಟು ನೋಡಿದರು. ಅದೂ ಅಷ್ಟೇ ಹೇಳಿತು. ಅವರಿಗೆ ವಾದ ಮಾಡುವಂಥದ್ದೇನೂ ಉಳಿದಿರಲಿಲ್ಲ.

ಮನೆಗೆ ಬಂದು ಅಕ್ಕ ಒಂದು ನಕ್ಷೆ ಬರೆದಳು. ಒಂದೂವರೆ ಅಡಿ ಎತ್ತರಕ್ಕೆ 18 ಅಡಿ ಉದ್ದ ಬೇಕು. ಕಚೇರಿಯ ಮುಂದಿನ ಅಂಗಳ ಅಷ್ಟು ಆಳವಿಲ್ಲ. ಗೋಡೆಯ ಗುಂಟ 9 ಅಡಿ ಹೋಗಿ, ಅಲ್ಲಿ ಕುರ್ಚಿ ತಿರುಗುವಷ್ಟು ಅಗಲದ ಒಂದು ಸಮತಟ್ಟು ಕಟ್ಟೆ, ಅಲ್ಲಿಂದ 9 ಅಡಿ ವಾಪಸು ಬಂದರೆ ನೇರ ಬಾಗಿಲಿಗೆ. ಎರಡೂ ಕಡೆ ಕಂಬಿ, ಅಂಚಿಗೆ ಚಕ್ರ ಜಾರದಂತೆ ಗಿಡ್ಡ ಕಟ್ಟು. ಮೇಸ್ತ್ರಿಗೆ ತೋರಿಸಿದಾಗ ಅವರು, “ನೀರಿನ ಟ್ಯೂಬ್ ಲೆವೆಲ್ ಹಿಡಿದು ನೂಲು ಕಟ್ಕೊಂಡ್ರೆ ಒಂದು ಬೆಳಿಗ್ಗೆ ಕೆಲ್ಸ ಮೇಡಂ, ಕಟ್ಟೆ ಮೇಲೆ ನೀರು ನಿಲ್ದೇ ಇರೋ ಹಾಗೆ ಹೊರಕ್ಕೆ ಚೂರೇ ಚೂರು ವಾಟ ಕೊಡ್ಬೇಕು, ಅದೊಂದು ಬರ್ಕೊಳ್ಳಿ” ಎಂದರು. ಅಕ್ಕ ಬರೆದುಕೊಂಡಳು.

ನಕ್ಷೆ, ಅರ್ಜಿ ಎರಡನ್ನೂ ಒಯ್ದಾಗ ಅಧಿಕಾರಿ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. “ಇಷ್ಟು ಉದ್ದ ಬೇಕೇ ಬೇಕಾ ಮೇಡಂ? ಹನ್ನೆರಡು ಅಡಿ ಮಾಡಿದ್ರೆ ಸಾಲ್ದಾ?”

“ನಿಮ್ಮ ಬಾಗಿಲು ಒಂದೂವರೆ ಅಡಿ ಎತ್ತರದಲ್ಲಿದೆ ಸಾರ್. ಹದಿನೆಂಟೇ ಬೇಕು. ಬಾಗಿಲನ್ನ ಅರ್ಧ ಅಡಿ ಇಳಿಸ್ತೀರಾದ್ರೆ ಹನ್ನೆರಡು ಸಾಕು” ಎಂದಳು ಅಕ್ಕ.

ಅವರು ಅರ್ಜಿಯ ಪ್ರತಿಯ ಮೇಲೆ ಸ್ವೀಕೃತಿಯ ಮುದ್ರೆ ಒತ್ತಿ ಕೊಟ್ಟರು. ಕೆಲಸ ಇನ್ನೂ ಶುರುವಾಗಿಲ್ಲ. ಬರುವ ತಿಂಗಳು ಅವಳು ಮತ್ತೆ ಅಲ್ಲಿಗೆ ಹೋಗಬೇಕಿದೆ, ಟೇಪನ್ನು ಈಗಲೇ ಚೀಲಕ್ಕೆ ಹಾಕಿಕೊಂಡಿದ್ದಾಳೆ.